ಒರೆಸಿಟ್ಟ ಕತ್ತರಿ

ಆ ಬೀದಿಯಲ್ಲಿ ದರ್ಜಿಯನ್ನು ಎಲ್ಲರೂ ‘ಅರ್ಧ ಇಂಚು’ ಎಂದೇ ಕರೆಯುತ್ತಿದ್ದರು. ಯಾರ ಅಳತೆ ತೆಗೆದರೂ ಅರ್ಧ ಇಂಚು ಹೆಚ್ಚಿಗೆ ಬಿಟ್ಟೇ ಕತ್ತರಿಸುವವನು. “ಉಂಡ ಮೇಲೂ ಗುಂಡಿ ಹಾಕ್ಕೋಬೇಕಲ್ಲ ಸ್ವಾಮಿ” ಎನ್ನುತ್ತಿದ್ದ. ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲೇ ಕೂತು ಕಾಜಾ ಹೊಲಿದವಳು ಅವನ ಹೆಂಡತಿ. ಮದುವೆಯಾಗಿ ಬಂದ ವಾರದಲ್ಲೇ ಅವನು ಕಲಿಸಿದ್ದು ಒಂದು ಮಾತು: ಕತ್ತರಿಗೆ ಒಂದು ಹನಿ ತೇವ ತಾಗಿದರೂ ಆಗಲೇ ಒರೆಸಿ, ಮಿಷನ್ ಎಣ್ಣೆ ಸವರಿ, ಮೊಳೆಗೆ ನೇತುಹಾಕಬೇಕು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಯ್ಯೋ, ಒಂದೇ ಒಂದು ದಿನ ತಪ್ಪಿಸಬಾರದಿತ್ತೇ!

ಅವಳಿಗೊಬ್ಬ ತಮ್ಮ. ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅವನಿಗೆ ಹೆಣ್ಣು ಕೊಡಲು ಹೊರಟಿದ್ದವರು ಅಂಗಡಿಗೆ ಬಂದು “ಹುಡುಗ ಹೇಗೆ?” ಎಂದು ದರ್ಜಿಯನ್ನು ಕೇಳಿದರು. ನಾಲ್ಕು ಒಳ್ಳೆಯ ಮಾತಾಡಿ ಸಾಗಹಾಕಿದ್ದರೆ ಇವನ ಗಂಟೇನು ಹೋಗುತ್ತಿತ್ತು? “ಕುಡೀತಾನೆ. ನನ್ನ ಮಗಳಾಗಿದ್ರೆ ನಾನು ಕೊಡ್ತಿರಲಿಲ್ಲ” ಎಂದುಬಿಟ್ಟ. ಸಂಬಂಧ ಮುರಿದುಬಿತ್ತು.

ಮರುದಿನ ಮಧ್ಯಾಹ್ನ ತಮ್ಮ ಕೆಂಡಾಮಂಡಲವಾಗಿ ಅಂಗಡಿಗೆ ನುಗ್ಗಿದ. “ನನ್ನ ಮದುವೆಗೆ ಕಲ್ಲು ಹಾಕಿದೆಯಲ್ಲೋ ಭಾವ!” ಎಂದವನೇ, ಭಾವನ ಕೊರಳಲ್ಲಿದ್ದ ಅಳತೆ ಟೇಪಿನ ಎರಡೂ ತುದಿ ಹಿಡಿದು ತಿರುಚತೊಡಗಿದ. “ಬಿಡೋ, ಸತ್ತೇ ಹೋಗ್ತಾರೆ, ಬಿಡೋ!” ಎಂದು ಅಕ್ಕ ಬೆನ್ನಿಗೆ ಗುದ್ದಿದರೂ ಬಿಡಲಿಲ್ಲ. ದರ್ಜಿಯ ಮುಖ ಕಪ್ಪಿಟ್ಟಿತು, ಕಣ್ಣುಗುಡ್ಡೆಗಳು ಮೇಲಾದವು. ಮೇಜಿನ ಮೇಲೆ ತಡಕಾಡಿದ ಅವನ ಕೈಗೆ ಸಿಕ್ಕಿದ್ದು ಕತ್ತರಿ. ಒಂದೇ ಏಟು, ಬಲತೋಳಿಗೆ. ಟೇಪು ಸಡಿಲಾಯಿತು.

ಹೊಡೆದವನೇ ಗಾಯಕ್ಕೆ ಬಟ್ಟೆ ಕಟ್ಟಿ, ಹೊಡೆಸಿಕೊಂಡವನನ್ನು ತಬ್ಬಿಕೊಂಡು ಆಸ್ಪತ್ರೆಗೆ ಓಡಿದ. ಅಂಗಡಿಯಲ್ಲಿ ಅವಳೊಬ್ಬಳೇ ಉಳಿದಳು. ತಲೆ ಓಡುತ್ತಿರಲಿಲ್ಲ. ಕೈಗಳು ಮಾತ್ರ ತಮ್ಮ ಪಾಡಿಗೆ ತಾವು ಕತ್ತರಿ ತೊಳೆದು, ಒರೆಸಿ, ಎಣ್ಣೆ ಸವರಿ ಮೊಳೆಗೆ ನೇತುಹಾಕಿದವು.

ಸಂಜೆ ಪೊಲೀಸರು ಗಂಡನನ್ನು ಕರೆದುಕೊಂಡು ಬಂದರು. “ಯಾರು ತೊಳೆದಿದ್ದು ಇದನ್ನ?” ಅವಳು ಬಾಯಿ ತೆರೆಯುವ ಮೊದಲೇ ಅವನು “ನಾನೇ. ಆಸ್ಪತ್ರೆಗೆ ಹೊರಡೋ ಮುಂಚೆ” ಎಂದ. ಹೆಂಡತಿಯನ್ನು ಕೇಸಿಗೆ ಎಳೆದಾರೆಂಬ ಭಯ ಅವನಿಗೆ. ಜಾಮೀನಿನ ಮೇಲೆ ಮನೆಗೆ ಬಂದ ಮೇಲೂ ಅದೇ ಹಟ. “ನೀನು ಬಾಯಿ ಬಿಡಬೇಡ ಕಣೆ. ಒಡಹುಟ್ಟಿದವನ ಮೇಲೆ ಸಾಕ್ಷಿ ಹೇಳಿ ತವರು ಕಳ್ಕೋಬೇಡ. ಸತ್ಯ ನನ್ನ ಕಡೆ ಇದೆ, ನನಗೇನಾಗುತ್ತೆ?”

ಏನಾಗುತ್ತೆ! ಅವಳು ಸಾಕ್ಷಿಗೆ ಹೋಗಲಿಲ್ಲ. ತಮ್ಮನ ಬೆರಳುಗಳು ಮತ್ತೆ ಮಡಚಲಿಲ್ಲ. ಅವನು ಕಟಕಟೆಯಲ್ಲಿ ನಿಂತು, “ಮಾತಾಡೋಕೆ ಹೋಗಿದ್ದೆ, ಚುಚ್ಚಿಬಿಟ್ಟ” ಎಂದ. ಕೊರಳ ಮೇಲಿನ ಬರೆಯನ್ನು ದರ್ಜಿ ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಕೆಳಗಿನ ಕೋರ್ಟು ಮೂರು ವರ್ಷ ಹಾಕಿತು.

ಇನ್ನುಳಿದಿದ್ದು ಅಪೀಲು ಒಂದೇ. ಅಲ್ಲಿಯವರೆಗೆ ಜಾಮೀನು, ಅದು ಬಿದ್ದರೆ ನೇರ ಜೈಲು. ಲಾಯರಮ್ಮ ಚೆನ್ನಾಗಿಯೇ ವಾದಿಸಿದಳು: ಉಸಿರು ಕಟ್ಟುತ್ತಿದ್ದವನು ಜೀವ ಉಳಿಸಿಕೊಳ್ಳಲು ಹೊಡೆದ ಒಂದೇ ಏಟು, ಟೇಪು ಸಡಿಲಾದ ಮೇಲೆ ಎರಡನೆಯದು ಹೊಡೆಯಲಿಲ್ಲ, ಇದು ಆತ್ಮರಕ್ಷಣೆ. ನ್ಯಾಯಾಧೀಶರು ತಲೆಯಾಡಿಸುತ್ತಲೇ ಇದ್ದರು. ಹಿಂದಿನ ಬೆಂಚಿನಲ್ಲಿ ಗಂಡನ ಪಕ್ಕ ಕೂತಿದ್ದ ಅವಳಿಗೆ ಕೇಸು ಶುರುವಾದ ಐದು ವರ್ಷದಲ್ಲಿ ಮೊದಲ ಸಲ ಹೋದ ಜೀವ ಬಂದಂತಾಯಿತು.

ಆಗ ನ್ಯಾಯಾಧೀಶರು ಒಂದು ಹಾಳೆಯ ಮೇಲೆ ಬೆರಳಿಟ್ಟರು. “ಅದೆಲ್ಲ ಸರಿ. ಆದರೆ ಪ್ರಾಣಭಯದಲ್ಲಿದ್ದವನು, ರಕ್ತ ಸುರೀತಿರೋ ಮನುಷ್ಯನನ್ನ ಹಾಗೇ ಬಿಟ್ಟು, ಕತ್ತರಿ ತೊಳೆದು ಎಣ್ಣೆ ಹಚ್ಚಿ ನೇತುಹಾಕ್ತಾನೇನಮ್ಮ? ಅವನೇ ಹೇಳಿರೋ ಮಾತಿದು.”

ಲಾಯರಮ್ಮ ಹಾಳೆ ತಿರುವಿದಳು. ಇನ್ನೊಂದು ತಿರುವಿದಳು. ತೊಳೆದವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ ನೋಡಿ!

“ನಾನು ತೊಳೆದಿದ್ದು ಸ್ವಾಮಿ!” ಹೆಂಡತಿ ಎದ್ದು ನಿಂತಿದ್ದಳು. “ಅವರಲ್ಲ, ನಾನು. ಅವರು ಆಸ್ಪತ್ರೇಲಿದ್ರು. ಯಾಕೆ ತೊಳೆದೆ ಅಂತ ನನಗೇ ಗೊತ್ತಿಲ್ಲ. ದಿನಾ ಮಾಡೋ ಕೆಲಸ ಸ್ವಾಮಿ.” ಗಂಡ ಅವಳ ಸೆರಗು ಹಿಡಿದು ಜಗ್ಗುತ್ತಿದ್ದ.

ನ್ಯಾಯಾಧೀಶರು ಗದರಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಮೆತ್ತಗೆ ಹೇಳಿದರು. “ಕೂತ್ಕೊಳ್ಳಿ ತಾಯಿ. ಇದನ್ನ ಕೆಳಗಿನ ಕೋರ್ಟಲ್ಲೇ ಹೇಳಬೇಕಿತ್ತು. ಇಲ್ಲಿ ಕಡತದಲ್ಲಿ ಇರೋದನ್ನ ಮಾತ್ರ ನೋಡೋದು.”

ಎರಡು ವಾರದ ಮೇಲೆ ಅಪೀಲು ಬಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ. ಕರೆದೊಯ್ಯಲು ಬಂದ ಪೊಲೀಸಿನವನು ಒಂದು ನಿಮಿಷ ಆಚೆ ಮುಖ ಮಾಡಿ ನಿಂತ. “ಅದೊಂದಕ್ಕೇ ಅಲ್ಲ ಕಣೆ, ಬೇರೆ ಏನೇನೋ ಬರೆದಿದ್ದಾರೆ. ನೀನು ಹಚ್ಕೋಬೇಡ” ಎಂದ ದರ್ಜಿ. ಅವಳ ಮುಂದೆ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಪಾಪ. ಅವನು ಮೆಟ್ಟಿಲಿಳಿದು ತಲೆ ಮರೆಯಾಗುವವರೆಗೂ ಅವಳು ನೋಡುತ್ತ ನಿಂತಳು.

ಆಮೇಲೆ ಲಾಯರಮ್ಮನ ಹತ್ತಿರ ಬಂದಳು. “ಹೊಡೆದಿದ್ದು ಅವರು, ಒರೆಸಿದ್ದು ನಾನು. ಈ ಮೂರು ವರ್ಷದಲ್ಲಿ ನನ್ನ ಪಾಲು ಎಷ್ಟು ಅಂತ ಒಂದು ಸಲ ಒಳಗೆ ಕೇಳಿ ನೋಡಿ ಅಮ್ಮ. ನಂದನ್ನ ನಾನೇ ಇದ್ದು ಬರ್ತೀನಿ.”

ಲಾಯರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಹಾಗೆ ಕೇಳುವುದಕ್ಕೆ ಯಾವ ಕೋರ್ಟಿನಲ್ಲೂ ಅವಕಾಶವಿರಲಿಲ್ಲ.