ದೊಡ್ಡಮ್ಮನ ಮೂಗು ಮತ್ತು ಗ್ಯಾಸಿನ ಒಲೆ

ನನ್ನ ದೊಡ್ಡಮ್ಮನ ಕೈಯಿಂದ ಅಣ್ಣ ಒಲೆ ಕಿತ್ತುಕೊಂಡದ್ದು ಒಂದು ಗುರುವಾರ ಮಧ್ಯಾಹ್ನ. ಅಣ್ಣ ಎಂದರೆ ಅವರದೇ ಮಗ. ಐವತ್ತು ದಾಟಿದರೂ ಅಮ್ಮನೆದುರು ಸ್ವರ ಏರಿಸಿ ಅಭ್ಯಾಸವಿಲ್ಲದವನು. ಕಡಬ ಪೇಟೆಯಲ್ಲಿ ಅವರದ್ದೊಂದು ನಾಲ್ಕು ಮೇಜಿನ ಹೋಟೆಲು ಉಂಟು. ಹೊರಗಿನ ಚಾದ ಒಲೆ ಅಣ್ಣನದ್ದು, ಒಳಗೆ ಗೋಳಿಬಜೆ ಕರಿಯುವ ಒಲೆ ದೊಡ್ಡಮ್ಮನದ್ದು. ಆ ದಿನ ಅವರು ಬಾಣಲೆಗೆ ಎಣ್ಣೆ ಸುರಿದು, ಒಲೆ ಹಚ್ಚಿ, ಅದಕ್ಕೆ ಬೆನ್ನು ಹಾಕಿ ಕೂತು ಚಟ್ನಿಗೆ ಕಾಯಿ ತುರಿಯುತ್ತಿದ್ದರು. ಎಣ್ಣೆ ಕಾದಿತು, ಹೊಗೆಯಾಡಿತು, ಕೊನೆಗೆ ಭಗ್ಗೆಂದು ಹತ್ತಿಕೊಂಡಿತು. ಹೊರಗೆ ಚಾ ಕುಡಿಯುತ್ತಿದ್ದ ಜೀಪಿನ ಡ್ರೈವರ್ ಒಳಗೆ ನುಗ್ಗಿ, ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ಮುಚ್ಚಳ ಕವುಚಿದ. ದೊಡ್ಡಮ್ಮನಿಗೆ ಏನೂ ಆಗಲಿಲ್ಲ. ಗೋಡೆ ಮಾತ್ರ ಅಟ್ಟದವರೆಗೂ ಕಪ್ಪಾಯಿತು.

“ಅಮ್ಮ, ಒಲೆ ಹಚ್ಚಿದ್ದು ಮರ್ತು ಹೋಯ್ತಾ?” ಎಂದ ಅಣ್ಣ.

“ಹೂಂ, ಮರ್ತದ್ದು,” ಎಂದರು ದೊಡ್ಡಮ್ಮ.

ಅಣ್ಣ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ಅಂಗಿಯ ಕಿಸೆಗೆ ಹಾಕಿಕೊಂಡ. “ಡಾಕ್ಟ್ರು ಮಂಡೆ ಸರಿ ಉಂಟು ಹೇಳಿದ ಮೇಲೆಯೇ ಇದು ಹೊರಗೆ ಬರುದು.”

ಹೀಗೆ ನಲ್ವತ್ತು ವರ್ಷ ಬಜೆ ಕರಿದ ಹೆಂಗಸು ಒಂದೇ ಮಧ್ಯಾಹ್ನದಲ್ಲಿ ನಿರುದ್ಯೋಗಿಯಾದರು. ಸುಳ್ಯದಲ್ಲಿದ್ದ ನನಗೆ ದೊಡ್ಡಮ್ಮನ ಫೋನು ಬಂತು. “ಪುತ್ತೂರಿಗೆ ಡಾಕ್ಟ್ರಲ್ಲಿ ಹೋಗ್ಲಿಕ್ಕುಂಟು, ನೀನು ಬಾ. ಇವನಿಗೆ ಮಾತಾಡ್ಲಿಕ್ಕೆ ಬರುದಿಲ್ಲ, ನಂಗೆ ನಿಲ್ಲಿಸ್ಲಿಕ್ಕೆ ಬರುದಿಲ್ಲ.”

ನಾನು ಹೋಗದೆ ಇರುವಂತಿರಲಿಲ್ಲ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ನಾನು ಬೆಳೆದದ್ದೇ ದೊಡ್ಡಮ್ಮನ ಅಡುಗೆಮನೆಯ ನೆಲದ ಮೇಲೆ. ಮಾತು ಕಲಿತದ್ದೂ ಅಲ್ಲಿಯೇ. ‘ಹಸಿ’ ಎಂಬ ಪದ ನನಗೆ ಮೊದಲು ಗೊತ್ತಾದದ್ದು ಬೇಯದ ಬಜೆಯ ಹೊಟ್ಟೆಯೊಳಗಿನ ಅಂಟು ಹಿಟ್ಟಿನಿಂದ. ಆಮೇಲೆ ಒಂದು ದಿನ ದೊಡ್ಡಮ್ಮ ಯಾರಿಗೋ “ಹಸಿ ಸುಳ್ಳು ಹೇಳ್ಬೇಡ” ಎಂದಾಗ ನನಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಅರ್ಜೆಂಟಿನಲ್ಲಿ ಬೇಯಿಸದೆ ತಂದ ಸುಳ್ಳು, ಕಚ್ಚಿದರೆ ಹಲ್ಲಿಗೆ ಅಂಟುತ್ತದೆ, ಅಷ್ಟೆ. ಶಾಲೆಯಲ್ಲಿ ಮೇಷ್ಟ್ರು, ಕಣ್ಣಿಗೆ ಕಾಣದ, ಕೈಗೆ ಸಿಗದ ಸಂಗತಿಗಳ ಹೆಸರೇ ಭಾವನಾಮ ಎಂದು ಬೋರ್ಡಿನ ಮೇಲೆ ಬರೆದು ಉದಾಹರಣೆಗೆ ‘ಹೊಟ್ಟೆಕಿಚ್ಚು’ ಎಂದರು. ನಾನು ಎದ್ದುನಿಂತು, “ಸರ್, ಅದು ಕೈಗೆ ಸಿಗ್ತದೆ, ಹೊಟ್ಟೆ ಮುಟ್ಟಿ ನೋಡಿದ್ರೆ ಬಿಸಿ ಉಂಟು” ಎಂದೆ. ಮೇಷ್ಟ್ರು ನನ್ನ ತಲೆಗೆ ಮೊಟಕಿದರು. ಮೊಟಕು ಯಾವ ನಾಮ ಎಂದು ಆಮೇಲೆ ಕೇಳುವ ಧೈರ್ಯ ಬರಲಿಲ್ಲ.

ದೊಡ್ಡಮ್ಮನ ನಿಘಂಟಿನಲ್ಲಿ ಅತಿ ಹೆಚ್ಚು ಪುಟ ಹಿಡಿದಿದ್ದದ್ದು ಮೂಗು. ಎಣ್ಣೆ ಹಳತಾದರೆ ಕಮಟು, ಮೆಣಸು ಸಿಡಿದರೆ ಘಾಟು, ತಳ ಹಿಡಿದರೆ ಸೀದದ್ದು. ಮನುಷ್ಯರೂ ಇದರೊಳಗೇ ಬರಬೇಕು. ಓಟು ಕೇಳಲು ಬಂದವರು ಬಜೆ ತಿಂದು, ಕೈ ಮುಗಿದು, “ಅಮ್ಮಾ, ನಿಮ್ಮ ಮಗ ಅಂತ ತಿಳ್ಕೊಳ್ಳಿ” ಎಂದು ಹೋದ ಮೇಲೆ ದೊಡ್ಡಮ್ಮ ತೀರ್ಪು ಕೊಡುತ್ತಿದ್ದರು. “ಮಾತು ಕಮಟು. ಹೋದ ಸಲದ್ದೇ ಎಣ್ಣೆ.”

ಪುತ್ತೂರಿನ ಬಸ್ಸು ಸವಣೂರು ದಾಟುವಾಗ ಅವರು ನನ್ನ ಕಿವಿಯಲ್ಲಿ ಕೇಳಿದರು, “ಪರೀಕ್ಷೆಯಲ್ಲಿ ಫೇಲಾದ್ರೆ ಎಂತ ಮಾಡುದು? ಚಾದ ಗ್ಲಾಸು ತೊಳೀಲಿಕ್ಕೆ ಕೂರಿಸ್ತಾನಾ ನನ್ನನ್ನು?” ಮುಂದಿನ ಸೀಟಿನಲ್ಲಿದ್ದ ಅಣ್ಣ ಕಿಸೆ ಮುಟ್ಟಿ ನೋಡಿಕೊಂಡ. ರೆಗ್ಯುಲೇಟರನ್ನು ಪುತ್ತೂರಿಗೂ ತಂದಿದ್ದ ಮಹಾನುಭಾವ.

ಡಾಕ್ಟರು ಚಿಕ್ಕ ಪ್ರಾಯದವರು, ವಿಜಯಪುರದ ಕಡೆಯವರು, ನಮ್ಮ ಕಡೆಗೆ ಬಂದು ತಿಂಗಳೂ ಆಗಿರಲಿಲ್ಲ. “ಏನ್ ತ್ರಾಸ ಐತ್ರೀ ಅಮ್ಮಾ?” ಎಂದು ಅಕ್ಕರೆಯಿಂದಲೇ ಕೇಳಿದರು.

“ಎಂತ ಇಲ್ಲ ಡಾಕ್ಟ್ರೆ, ಸ್ವಲ್ಪ ಮಂಡೆ ಬಿಸಿ.”

ಡಾಕ್ಟರು ಬಗ್ಗಿ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು. “ಯಾವ ಮಂಡಿರೀ, ಎಡದ್ದೋ ಬಲದ್ದೋ?”

ದೊಡ್ಡಮ್ಮ ಸೀರೆ ಎಳೆದುಕೊಂಡು ನನ್ನ ಮುಖ ನೋಡಿದರು. “ನಂಗೆ ಇರುದು ಒಂದೇ ಮಂಡೆ. ಇವರ ಊರಲ್ಲಿ ಎರಡೆರಡು ಕೊಡ್ತಾರಾ?”

ನಮ್ಮಲ್ಲಿ ಮಂಡೆ ಎಂದರೆ ತಲೆ, ತಲೆ ಬಿಸಿ ಎಂದರೆ ಚಿಂತೆ, ಜ್ವರವೂ ಅಲ್ಲ, ಮೊಣಕಾಲಿನ ಬಾವೂ ಅಲ್ಲ ಎಂದು ನಾನು ಬಿಡಿಸಿ ಹೇಳಿದೆ. ಡಾಕ್ಟರು ನಕ್ಕರು. ನಕ್ಕರೂ ಥರ್ಮಾಮೀಟರ್ ಇಟ್ಟು ನೋಡಿದರು, ಯಾಕೆ ಬಿಡಬೇಕು ಎಂದು.

ಆಮೇಲೆ ಮರೆವಿನ ಪರೀಕ್ಷೆ. ವಾರ, ತಿಂಗಳು, ಊರು ಎಲ್ಲವನ್ನೂ ದೊಡ್ಡಮ್ಮ ಪಟಪಟ ಹೇಳಿದರು. ಡಾಕ್ಟರು ಹಾಳೆ ಮಗುಚಿದರು. “ಎರಡು ವಸ್ತು ಹೇಳ್ತೀನ್ರೀ. ಎರಡರಾಗೂ ಒಂದೇ ಇರೋದು ಏನು, ಅದನ್ನ ಹೇಳ್ರಿ. ಮಾವಿನಹಣ್ಣು, ಬಾಳೆಹಣ್ಣು.”

“ಎರಡಕ್ಕೂ ಮಂಗ ಬರ್ತದೆ.”

ಡಾಕ್ಟರ ಪೆನ್ನು ನಿಂತಿತು. ಅಣ್ಣನ ಮುಖ ಬಾಡಿತು. ನಾನು, “ದೊಡ್ಡಮ್ಮ, ಅದಲ್ಲ, ಅವು ಎರಡೂ...” ಎನ್ನುವಾಗ ಡಾಕ್ಟರು ಕೈಸನ್ನೆ ಮಾಡಿ ನನ್ನ ಬಾಯಿ ಮುಚ್ಚಿಸಿದರು.

“ಕುರ್ಚಿ, ಮೇಜು?”

“ಕಾಲು ಸಮ ಇರುದಿಲ್ಲ. ಎರಡರ ಅಡಿಗೂ ರಟ್ಟು ಮಡಚಿ ಇಡ್ಬೇಕು.”

ಹಾಳೆಯಲ್ಲಿದ್ದ ಉತ್ತರ ‘ಹಣ್ಣು’, ‘ಪೀಠೋಪಕರಣ’ ಎಂದಿರಬೇಕು. ಪೀಠೋಪಕರಣ ಎಂಬ ಶಬ್ದವನ್ನು ನಮ್ಮ ಹೋಟೆಲಿನಲ್ಲಿ ಯಾರಾದರೂ ಎತ್ತಿದ್ದರೆ ಅದು ಯಾವ ಊರಿನ ತಿಂಡಿ ಎಂದು ಕೇಳುತ್ತಿದ್ದರು. ಆದರೆ ಆಗ ನನಗೆ ನಗು ಬರಲಿಲ್ಲ. ಈ ಉತ್ತರಗಳಿಗೆ ಸೊನ್ನೆ ಬಿದ್ದರೆ ಒಲೆ ಹೋದ ಹಾಗೆಯೇ.

ಡಾಕ್ಟರು ಮುಂದಿನ ಪ್ರಶ್ನೆ ಕೇಳಿದರು. “ತಪ್ಪು ಮತ್ತು ಸುಳ್ಳು. ಇವೆರಡಕ್ಕೂ ಏನ್ರೀ ಫರಕು?”

“ಹಿಟ್ಟಿಗೆ ಉಪ್ಪು ಎರಡು ಸಲ ಬಿದ್ರೆ ತಪ್ಪು. ಅದನ್ನೇ ಗಿರಾಕಿಯ ಎದುರು ಇಟ್ಟು ‘ಇವತ್ತು ಸ್ಪೆಷಲ್’ ಹೇಳಿದ್ರೆ ಸುಳ್ಳು.”

ಡಾಕ್ಟರು ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ಡಾಕ್ಟ್ರೆ, ಇನ್ನೊಂದು ಬರ್ಕೊಳ್ಳಿ. ಒಲೆ ಮರ್ತದ್ದು ಅಂತ ಇವನು ಹೇಳಿದ, ನಾನೂ ಹೂಂ ಹೇಳಿದೆ. ಅದು ಸುಳ್ಳು. ಮರೀಲಿಲ್ಲ ನಾನು. ನಂಗೆ ವಾಸನೆ ಬರ್ಲಿಲ್ಲ.”

ಲಾಕ್‌ಡೌನ್ ಆಗಿ ಊರಿಡೀ ಜ್ವರ ಬಂದ ವರ್ಷದಿಂದ ಅವರಿಗೆ ಮೂಗು ಇರಲಿಲ್ಲ. ಎಣ್ಣೆ ಕಾದದ್ದನ್ನು ಕಣ್ಣಿನಿಂದ, ಬಜೆ ಬೆಂದದ್ದನ್ನು ಕಿವಿಯಿಂದ, ಉಳಿದದ್ದನ್ನು ನೆನಪಿನಿಂದ ಅಂದಾಜು ಮಾಡಿ ಅಷ್ಟು ವರ್ಷ ಹೋಟೆಲು ನಡೆಸಿದ್ದರು. ಬೆನ್ನು ತಿರುಗಿಸಿದ ಒಂದು ದಿನ ಸಿಕ್ಕಿಬಿದ್ದರು.

“ಅಮ್ಮ, ನಂಗೆ ಹೇಳ್ಬಹುದಿತ್ತಲ್ಲ?” ಎಂದ ಅಣ್ಣ.

“ಹೇಗೆ ಹೇಳುದು ಮಾರಾಯ? ಮರೆವು ಅಂದ್ರೆ ಜನ ಪಾಪ ಅಂತಾರೆ, ಎರಡು ಬಜೆ ಜಾಸ್ತಿ ತಿಂತಾರೆ. ಮೂಗಿಲ್ಲದವಳು ಕರಿದದ್ದನ್ನು ಯಾರು ತಿಂತಾರೆ?”

ಡಾಕ್ಟರು ಒಳಗಿನಿಂದ ಕಾಫಿಪುಡಿ ತರಿಸಿ, ದೊಡ್ಡಮ್ಮನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಹಿಡಿದರು. “ಏನೈತ್ರೀ ಇಲ್ಲಿ?” ದೊಡ್ಡಮ್ಮ ಜೋರಾಗಿ ಎಳೆದುಕೊಂಡರು. “ಗಾಳಿ,” ಎಂದರು.

ನನ್ನ ಮಂಡೆ ಬಿಸಿಯಾದದ್ದು ಆಗ. ಓಟಿನವರ ಮಾತು ಕಮಟು ಎಂದು ಅವರು ಹೋದ ಚುನಾವಣೆಯಲ್ಲೂ ಹೇಳಿದ್ದರು, ಎಂದರೆ ಮೂಗು ಹೋದ ಮೇಲೂ. ಮೂಗಿನಲ್ಲಿ ಹುಟ್ಟಿದ ಶಬ್ದ ಮೂಗು ಸತ್ತ ಮೇಲೂ ಜನರನ್ನು ಸರಿಯಾಗಿಯೇ ಮೂಸುತ್ತಿತ್ತು. ಎಣ್ಣೆಯ ಹತ್ತಿರ ಮಾತ್ರ ಅದು ಕೈಕೊಟ್ಟಿತು. ಎಣ್ಣೆಗೆ ಮಾತು ಬರುವುದಿಲ್ಲವಲ್ಲ.

“ಅಮ್ಮಾರ ಬುದ್ಧಿ ನನಗಿಂತ ಚೊಲೋ ಐತಿ,” ಎಂದರು ಡಾಕ್ಟರು. “ಮೂಗು ತಿರುಗಿ ಬರೂದು ಹೇಳಾಕಾಗೂದಿಲ್ಲ. ಒಲಿ ಹಚ್ಚಿದಾಗ ಮೂಗಿದ್ದವರು ಒಬ್ಬರು ಬಾಜೂಕ ನಿಂತಿರಬೇಕು. ಇಲ್ಲಂದ್ರ ಹಚ್ಚಬ್ಯಾಡ್ರಿ.”

ಅಣ್ಣ ಅಲ್ಲಿಯೇ ಕಿಸೆಯಿಂದ ರೆಗ್ಯುಲೇಟರ್ ತೆಗೆದು ಅಮ್ಮನ ಕೈಗೆ ಕೊಟ್ಟ. ಹೊರಗೆ ಸರದಿಯಲ್ಲಿದ್ದವರು ಬಾಗಿಲ ಸಂದಿಯಿಂದ ಇಣುಕಿ, ಇದು ಯಾವ ಕಾಯಿಲೆಯ ಮದ್ದು ಎಂದು ಯೋಚಿಸಿರಬೇಕು.

ಮರುದಿನ ಚಾದ ಒಲೆಗೆ ನನ್ನನ್ನು ನಿಲ್ಲಿಸಿ ಅಣ್ಣ ಒಳಗೆ ಹೋದ. ಒಳಗಿನಿಂದ ಕೇಳಿಸುತ್ತಿತ್ತು.

“ಎಂತ ವಾಸನೆ ಬರ್ತದೆ?”

“ಎಣ್ಣೆ ವಾಸನೆ.”

“ಬಾಣಲೆಯಲ್ಲಿ ಮತ್ತೆಂತ, ಸೀಮೆಂಟಾ ಉಂಟು? ಹಸಿಯಾ, ಕಾದದ್ದಾ, ಘಾಟಾ?”

“ಅದು ನಂಗೆ ಹೇಗೆ ಗೊತ್ತಾಗುದು?”

“ಐವತ್ತು ವರ್ಷ ಮೂಗು ಎಂತಕ್ಕೆ ಇಟ್ಕೊಂಡದ್ದು, ಕನ್ನಡಕ ಕೂರಿಸ್ಲಿಕ್ಕಾ?”

ಪಾಪ, ಅವನ ಹತ್ತಿರ ಮೂಗಿತ್ತು, ಮಾತಿರಲಿಲ್ಲ. ಅಮ್ಮನ ಹತ್ತಿರ ಮಾತಿತ್ತು, ಮೂಗಿರಲಿಲ್ಲ. ಮೊದಲ ವಾರ ಬಜೆ ಒಮ್ಮೆ ಹಸಿ, ಒಮ್ಮೆ ಕರಕಲು. ಜೀಪಿನ ಡ್ರೈವರ್ ತಿನ್ನದೆ ಎತ್ತಿ ನೋಡಿ, “ಇದನ್ನು ಗಾಡಿಯ ಚಕ್ರಕ್ಕೆ ಅಡ್ಡ ಇಡ್ಬಹುದು ದೊಡ್ಡಮ್ಮ” ಎಂದ. ಎರಡನೆಯ ವಾರ ಅಣ್ಣ, “ಈಗೊಂದು ಬಂತು, ಹೇಗೆ ಹೇಳುದು, ಮೂಗಿನ ಬುಡದಲ್ಲಿ ಇರುವೆ ಕಚ್ಚಿದ ಹಾಗೆ” ಎಂದ. “ಅದೇ ಘಾಟು! ಅದೇ!” ಎಂದು ಕೂಗುತ್ತಾ ದೊಡ್ಡಮ್ಮ ಬೆಂಕಿ ಸಣ್ಣ ಮಾಡಿದರು. ಅವನಿಗೆ ಭಾಷೆ ಬರತೊಡಗಿತ್ತು, ತಡವಾಗಿ ಮಾತು ಬಂದ ಮಕ್ಕಳ ಹಾಗೆ, ಒಂದೊಂದೇ ಶಬ್ದ.

ಕಳೆದ ತಿಂಗಳು ನಾನು ಹೋದಾಗ ಬಜೆಯ ತಟ್ಟೆ ಖಾಲಿ. ಅಣ್ಣ ಮೂಲೆಯಲ್ಲಿ ಟವೆಲು ಸುತ್ತಿಕೊಂಡು ಸೀನುತ್ತಿದ್ದ. ಒಳಗೆ ಒಲೆ ತಣ್ಣಗಿತ್ತು. ಹಿಟ್ಟು ಕಲಸಿ ಮುಗಿದ ಮೇಲೆ ಅವನ ಮೊದಲ ಸೀನು ಬಂದದ್ದಂತೆ. ದೊಡ್ಡಮ್ಮ ಯಾರೂ ಹೇಳದೆ ತಾವೇ ರೆಗ್ಯುಲೇಟರ್ ಕಳಚಿ ಕಪಾಟಿನ ಮೇಲಿಟ್ಟು, ಗಿರಾಕಿಗಳ ಎದುರು ನಿಂತಿದ್ದರು.

“ಇವತ್ತು ಬಜೆ ಇಲ್ಲ. ಮೂಗು ಕಟ್ಟಿದೆ.”

“ಯಾರ ಮೂಗು ದೊಡ್ಡಮ್ಮ?” ಎಂದ ಜೀಪಿನ ಡ್ರೈವರ್.

“ಹೋಟೆಲಿನದ್ದು,” ಎಂದರು. “ನಾಡಿದ್ದು ಬಾ.”