ಮೈ ಒದರದ ಟಗರು

ಸಣ್ಣರಂಗಯ್ಯ ತೀರಿಕೊಂಡು ಮೂರು ತಿಂಗಳಾಯಿತು. ಬುಕ್ಕಾಪಟ್ಟಣದ ಆಸುಪಾಸಿನಲ್ಲಿ ಈಗಲೂ ಯಾರ ಹಸು ಒದ್ದರೂ, ಯಾರ ಮಗು ಹಟ ಹಿಡಿದರೂ "ಸಣ್ರಂಗಣ್ಣ ಇದ್ದಿದ್ರೆ" ಎನ್ನುತ್ತಾರೆ. ಅವನು ಮಂತ್ರ ಹಾಕುವವನಲ್ಲ, ದನದ ಡಾಕ್ಟರೂ ಅಲ್ಲ. ಅರವತ್ತು ಕುರಿ ಕಾಯುತ್ತಿದ್ದ, ಅಷ್ಟೇ. ಆದರೆ ನೋಡುತ್ತಿದ್ದ. ಕಂಬಳಿ ಹಾಸಿಕೊಂಡು ಕೂತನೆಂದರೆ ಬಾಯಿಗೆ ಎಲೆ ಅಡಿಕೆಯನ್ನೂ ಹಾಕದೆ ನೋಡುತ್ತಲೇ ಇರುತ್ತಿದ್ದ.

ಪೂಜಾರಿ ಬೈಲಪ್ಪನ ಹಸು ಹಾಲು ಕರೆಯಲು ಕೂತವರನ್ನು ಒದೆಯುತ್ತಿತ್ತು.

"ಅದಕ್ಕೆ ಕೊಬ್ಬು ಕಣಣ್ಣ, ಅದ್ಕೇ ಒದೀತದೆ," ಎಂದ ಬೈಲಪ್ಪ.

"ಕೊಬ್ಬದೆ ಅಂತ ಹೆಂಗೆ ಗೊತ್ತಾಯ್ತು?"

"ಒದೀತದಲ್ಲ!"

"ಒದೀತದೆ ಅದ್ಕೆ ಕೊಬ್ಬು, ಕೊಬ್ಬದೆ ಅದ್ಕೆ ಒದೀತದೆ. ನೀನು ಎಲ್ಲಿಗೂ ಹೋಗ್ಲಿಲ್ಲ ಬೈಲಪ್ಪ, ನಿಂತಲ್ಲೇ ಸುತ್ತು ಹೊಡೆದೆ. ಅದ್ರ ಮನಸಿನಾಗೆ ಏನದೆ ಅಂತ ಹುಡುಕೋದು ಬುಡು. ಒದೆಯೋಕೆ ಮುಂಚೆ ಏನಾಯ್ತು, ಒದ್ದ ಮ್ಯಾಲೆ ಏನಾಯ್ತು, ಅಷ್ಟು ನೋಡು."

ಬೈಲಪ್ಪನಿಗೆ ಅಷ್ಟು ಪುರಸೊತ್ತಿರಲಿಲ್ಲ. ಸಣ್ಣರಂಗಯ್ಯನೇ ನಾಲ್ಕು ದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಕೂತ. ಬೈಲಪ್ಪ ತಣ್ಣೀರು ಮಿಂದು ಬಂದು ಹಸಿ ಕೈಯಲ್ಲಿ ಕೆಚ್ಚಲು ಮುಟ್ಟಿದ ದಿನ ಹಸು ಒದೆಯುತ್ತಿತ್ತು. ಅವನ ಹೆಂಡತಿ ಒಲೆ ಮುಂದಿನಿಂದ ಎದ್ದು ಬಂದು ಹಾಲು ಕರೆದ ದಿನ ಮೆಲುಕು ಹಾಕುತ್ತಾ ನಿಂತಿರುತ್ತಿತ್ತು. ಕೈ ಕಾಯಿಸಿಕೊಂಡು ಮುಟ್ಟು ಎಂದ ಸಣ್ಣರಂಗಯ್ಯ. ಬೈಲಪ್ಪ ಹಾಗೇ ಮಾಡಿದ, ಹಸು ಅಲುಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು.

"ಈಗ ಮತ್ತೆ ತಣ್ಣೀರಾಗೆ ಕೈ ಅದ್ದಿ ಮುಟ್ಟು."

"ಯಾಕಣ್ಣ? ಸರಿಹೋಯ್ತಲ್ಲ!"

"ಅದ್ರಿಂದ್ಲೇ ಸರಿಹೋಯ್ತೋ ಇಲ್ಲವೋ ನೋಡ್ಬ್ಯಾಡ್ವಾ?"

ಬೈಲಪ್ಪ ಮುಟ್ಟಿದ. ಮೊಣಕಾಲಿಗೆ ಬಿದ್ದ ಒದೆಯಿಂದ ಒಂದು ವಾರ ಕುಂಟಿದ. "ಅದ್ರಿಂದ್ಲೇ," ಎಂದು ಸಣ್ಣರಂಗಯ್ಯ ಬಹಳ ಸಂತೋಷಪಟ್ಟ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವನು ಜ್ವರ ಎದೆಗಿಳಿದು ಸಿರಾದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ. ಹೆಂಡತಿ ಕೊಲ್ಲಾಪುರಮ್ಮ ಊರ ಅಮ್ಮನಿಗೆ ಹರಕೆ ಹೊತ್ತಳು: ಗಂಡ ಎದ್ದು ಬಂದರೆ ಕರಿಮೂತಿಯನ್ನು ಕೊಡುತ್ತೇನೆ. ಕರಿಮೂತಿ ಅವರ ಟಗರು. ಹುಟ್ಟಿದ ದಿನವೇ ತಾಯಿ ಸತ್ತದ್ದಕ್ಕೆ ಸಣ್ಣರಂಗಯ್ಯ ಅದನ್ನು ಬಾಟಲಿ ಹಾಲಿನಲ್ಲಿ ಸಾಕಿದ್ದ. ಅವನು ಕೂತರೆ ಅದು ಪಕ್ಕದಲ್ಲಿ ಕೂರುತ್ತಿತ್ತು, ಎದ್ದರೆ ಏಳುತ್ತಿತ್ತು.

ಮನೆಗೆ ಬಂದ ಮೇಲೆ ಅವನಿಗೆ ವಿಷಯ ಗೊತ್ತಾಯಿತು.

"ನಾನು ಬದುಕಿದ್ದು ಸೂಜಿಯಿಂದ ಕಣೆ."

"ಅಮ್ಮನಿಂದ."

"ಸೂಜಿನೂ ಹಾಕ್ಸಿದ್ರಿ, ಹರಕೆನೂ ಹೊತ್ಕಂಡೆ. ಎರಡೂ ಒಟ್ಗೆ ಮಾಡಿದ್ರೆ ಯಾವುದ್ರಿಂದ ಅಂತ ಹೆಂಗೆ ಹೇಳೋದು? ಒಂದು ಸಲಕ್ಕೆ ಒಂದೇ ಮಾಡ್ಬೇಕು."

"ಆಯ್ತು. ಇನ್ನೊಂದು ಸಲ ಜ್ವರ ಬರ್ಲಿ. ಸೂಜಿ ಬ್ಯಾಡ ಅನ್ತೀನಿ. ನೋಡಾಣ."

ಈ ಪರೀಕ್ಷೆಗೆ ಸಣ್ಣರಂಗಯ್ಯನೇ ಒಪ್ಪಲಿಲ್ಲ. ಆದರೆ ಹರಕೆಯ ಪದ್ಧತಿಯೊಂದು ಅವನ ತಲೆಯಲ್ಲಿ ಕೊರೆಯತೊಡಗಿತು. ಅಮ್ಮನ ಗುಡಿಯ ಮುಂದೆ ಟಗರಿನ ಮೇಲೆ ಅರಿಶಿನ ನೀರು ಚಿಮುಕಿಸುತ್ತಾರೆ. ಅದು ನೀರು ಕೊಡವಿ ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಒದರುವ ತನಕ ಯಾರೂ ಕತ್ತಿ ಎತ್ತುವಂತಿಲ್ಲ.

ಮರುದಿನದಿಂದ ಅವನು ಕುರಿ ಕೂಡುವ ರೊಪ್ಪದೊಳಗೆ ಚೊಂಬು ಹಿಡಿದು ನಿಂತ. ಕರಿಮೂತಿಗೆ ನೀರು ಚಿಮುಕಿಸುವುದು, ಅದು ಒಂದು ಗಳಿಗೆ ಅಲುಗದೆ ನಿಂತರೂ ಬಾಯಿಗೆ ಕಡಲೆಕಾಯಿ ಹಿಂಡಿಯ ಚೂರು ಇಡುವುದು. ಒದರಿದರೆ ಚೂರಿಲ್ಲ. ಒದರಿದ್ದಕ್ಕೆಲ್ಲ ಚಪ್ಪಡಿಯ ಮೇಲೆ ಇದ್ದಿಲ ಗೀಟು. ಮೊದಲ ದಿನ ಚಪ್ಪಡಿ ಸಾಲಲಿಲ್ಲ. ಹನ್ನೆರಡನೇ ದಿನ ಒಂದು ಗೀಟೂ ಬೀಳಲಿಲ್ಲ. ತಲೆಯ ಮೇಲೆ ಚೊಂಬನ್ನೇ ಬೋರಲು ಹಾಕಿದರೂ ಕರಿಮೂತಿ ಕಲ್ಲಿನ ಬಸವನಂತೆ ನಿಂತು ಅವನ ಕೈಯನ್ನೇ ನೋಡುತ್ತಿತ್ತು.

ಸುಮ್ಮನಿರಬೇಕಿತ್ತು. ಆದರೆ ಹಿಂಡಿಯಿಂದಲೇ ಹೀಗಾಯಿತೋ ಎಂದು ತಿಳಿಯದೆ ಅವನಿಗೆ ನಿದ್ದೆ ಹತ್ತದು. ಹದಿಮೂರನೇ ದಿನ ಹಿಂಡಿ ಕೊಡಲಿಲ್ಲ. ಆರು ಸಲ ಚಿಮುಕಿಸಿದರೂ ನಿಂತ ಕರಿಮೂತಿ ಏಳನೆಯದಕ್ಕೆ ಮೂತಿಯಿಂದ ಬಾಲದ ತನಕ ಒದರಿ ಅವನನ್ನೂ ನೆನೆಸಿತು. ಅವನು ಗಾಬರಿಯಿಂದ ಮತ್ತೆ ನಾಲ್ಕು ದಿನ ಹಿಂಡಿ ತಿನ್ನಿಸಿದ. ಅಷ್ಟರಲ್ಲಿ ಹರಕೆಯ ಮಂಗಳವಾರ ಬಂತು.

ಕೊಲ್ಲಾಪುರಮ್ಮನ ತವರಿನಿಂದ ಎರಡು ಟೆಂಪೋ ನೆಂಟರು ಬಂದಿದ್ದರು. ಗುಡಿಯ ಹಿಂದೆ ಮಸಾಲೆ ಆಗಲೇ ಅರೆದಿಟ್ಟಿತ್ತು. ಬೈಲಪ್ಪ ಅರಿಶಿನ ನೀರು ಚಿಮುಕಿಸಿದ. ಕರಿಮೂತಿ ನಿಂತಿತು. ಮತ್ತೆ ಚಿಮುಕಿಸಿದ. ನಿಂತಿತು, ಬೈಲಪ್ಪನ ಕೈ ನೋಡಿತು.

"ಅಮ್ಮಂಗೆ ಏನೋ ಕ್ವಾಪ ಬಂದದೆ," ಎಂದ ಬೈಲಪ್ಪ.

"ಹೋದ್ಸಲ ಸೀರೆ ಉಡಿಸ್ತೀವಿ ಅಂದು ಮರ್ತಿದ್ರಲ್ಲ, ಅದ್ಕೇ," ಎಂದ ಒಬ್ಬ ನೆಂಟ. "ಯಾರೋ ಮೈಲಿಗೆಯಾಗೆ ಬಂದವ್ರೆ," ಎಂದಳು ಒಬ್ಬಾಕೆ. ಎಲ್ಲರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು. ಮೂರು, ನಾಲ್ಕು, ಐದು. ಅಮ್ಮನ ಮನಸ್ಸಿನಲ್ಲಿ ಏನಿದೆ ಎಂದು ನಲವತ್ತು ಜನ ಹುಡುಕುತ್ತಿದ್ದರೆ ಸಣ್ಣರಂಗಯ್ಯ ಬರೀ ಎಣಿಸುತ್ತಿದ್ದ. ಅವನ ಸೊಂಟದಲ್ಲಿ ಹಿಂಡಿಯ ಚೂರಿತ್ತು. ಅಷ್ಟು ಕಣ್ಣುಗಳ ಎದುರು ತೆಗೆಯುವುದು ಹೇಗೆ?

ಆರು. ಕರಿಮೂತಿ ಬೈಲಪ್ಪನ ಪಂಚೆಯ ಗಂಟಿಗೆ ಮೂತಿ ಹಾಕಿ ತಿವಿಯಿತು. ಅಲ್ಲೂ ಏನೂ ಸಿಗಲಿಲ್ಲ. ಕುತ್ತಿಗೆಯ ಹತ್ತಿರ ಚರ್ಮ ಸಣ್ಣಗೆ ನಡುಗತೊಡಗಿತು. ಇರುವೆ ಸಾಲನ್ನೂ ಬಿಡದೆ ನೋಡುತ್ತಿದ್ದ ಸಣ್ಣರಂಗಯ್ಯ ಕಣ್ಣು ಮುಚ್ಚಿಕೊಂಡ.

"ತಡೀರಪ್ಪೋ," ಎಂದಳು ಕೊಲ್ಲಾಪುರಮ್ಮ. "ಬೆಳಿಗ್ಗೆಯಿಂದ ಉಪಾಸ ಅದೆ, ಮೂಕ ಪ್ರಾಣಿ." ಪೂಜೆಯ ತಟ್ಟೆಯಿಂದ ಕಾಯಿಚೂರು ತೆಗೆದು ಕರಿಮೂತಿಯ ಬಾಯಿಗಿಟ್ಟಳು.

ಏಳಕ್ಕೆ ಅದು ಅಲುಗಲಿಲ್ಲ. ಅವಳು ಇನ್ನೊಂದು ಚೂರು ಕೊಟ್ಟಳು. ಎಂಟು, ಒಂಬತ್ತು. ಕೊನೆಗೆ ಬೈಲಪ್ಪ ಬಿಂದಿಗೆಯನ್ನೇ ಎತ್ತಿ ಸುರಿದ. ಅರಿಶಿನ ಬಣ್ಣದ ಕರಿಮೂತಿ ಕಾಯಿ ಅಗಿಯುತ್ತಾ ನಿಂತಿತ್ತು.

"ಅಮ್ಮ ಒಲ್ಲೆ ಅಂತವ್ಳೆ. ಮೊಸರನ್ನ ಎಡೆ ಇಡಿ," ಎಂದು ಬೈಲಪ್ಪ ತೀರ್ಪು ಕೊಟ್ಟ.

ಅರೆದ ಮಸಾಲೆಗೆ ಆಲೂಗಡ್ಡೆ ಬಿತ್ತು. ಉಣ್ಣುತ್ತಿದ್ದ ನೆಂಟರ ಮುಖ ನೋಡಿದರೆ ತಿಥಿಗೆ ಬಂದವರಂತಿತ್ತು.

ಸಂಜೆಗೆ ಮುಂಚೆ ಗಂಡಹೆಂಡತಿ ಟಗರನ್ನು ಮುಂದೆ ಬಿಟ್ಟುಕೊಂಡು ಮನೆಯತ್ತ ನಡೆದರು.

"ಕಾಯಿ ಯಾಕೆ ಕೊಟ್ಟೆ?" ಎಂದು ಅವನು ಕೇಳಿದ.

"ಹದಿನೇಳು ದಿನದಿಂದ ಹಿಂಡಿ ಚೀಲ ಇಳೀತಾ ಅದೆ. ಬೆಳಿಗ್ಗೆ ಎದ್ರೆ ರೊಪ್ಪದಾಗೆ ನೀರು ಚಿಮುಕ್ಸೋ ಸದ್ದು. ನಾನೇನು ಕಿವುಡೀನಾ?"

"ಮತ್ತೆ ಹರಕೆ?"

"ಹೊತ್ಕಂಡೋಳು ನಾನು. ಅಮ್ಮನತ್ರ ನಾನೇ ಮಾತಾಡ್ಕತೀನಿ. ನೀನು ಕಣ್ಣು ಮುಚ್ಕಂಡು ನಿಂತಿದ್ದು ಅವ್ಳಿಗೂ ಕಾಣಿಸ್ತದೆ."

ಅವನು ಸೊಂಟದಲ್ಲಿದ್ದ ಹಿಂಡಿಯ ಚೂರು ತೆಗೆದು ಕರಿಮೂತಿಗೆ ಕೊಟ್ಟ. "ಸರಿಯಾದ ಗಳಿಗೆಗೇ ತಿನ್ನಿಸ್ದೆ ಕಣೆ. ಈ ಇದ್ಯೆ ಎಲ್ಲಿ ಕಲ್ತೆ?"

ಕೊಲ್ಲಾಪುರಮ್ಮ ನಕ್ಕಳು. "ಮದ್ವೆಯಾದ ಹೊಸದ್ರಾಗೆ ನೀನು ಸಾರಾಯಿ ಅಂಗ್ಡಿ ಮುಂದೆ ಕುಂತು ಎಷ್ಟೊತ್ತಿಗೋ ಮನೆಗೆ ಬರ್ತಿದ್ದೆ. ಬ್ಯಾಗ ಬಂದ ದಿನ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕ್ದೆ. ತಡವಾದ ದಿನ ತಂಗಳು ಮುದ್ದೆ. ಬೈಲಿಲ್ಲ, ಅಳ್ಲಿಲ್ಲ. ಆರು ತಿಂಗಳಿಗೆ ಸರಿಹೋದೆ."

ಸಣ್ಣರಂಗಯ್ಯ ದಾರಿಯಲ್ಲೇ ನಿಂತುಬಿಟ್ಟ. ಮೂವತ್ತು ವರ್ಷದಿಂದ ತಾನಾಗಿಯೇ ಒಳ್ಳೆಯವನಾದೆ ಎಂದುಕೊಂಡಿದ್ದ.

"ಅಂಗಾದ್ರೆ ಒಂದು ವಾರ ರೊಟ್ಟಿ ನಿಲ್ಸು," ಎಂದ. "ಆಗ್ಲೂ ಬ್ಯಾಗ ಬರ್ತೀನಾ ನೋಡಾಣ."

"ನಿಲ್ಸಾಕಿಲ್ಲ."

"ಯಾಕೆ? ನಿಜ ಗೊತ್ತಾಗ್ತದೆ."

"ನಂಗೆ ಗೊತ್ತಾಗೋದು ಬ್ಯಾಡ," ಎಂದು ಅವಳು ಟಗರಿನ ಹಿಂದೆಯೇ ನಡೆದುಬಿಟ್ಟಳು.

ಅವನು ಇರುವವರೆಗೂ ರೊಟ್ಟಿ ನಿಲ್ಲಲಿಲ್ಲ. ಅದೊಂದನ್ನು ಸಣ್ಣರಂಗಯ್ಯ ಪರೀಕ್ಷೆ ಮಾಡದೆಯೇ ಹೋದ.