ಅವ್ವ ತುಂಬಿಸಿಕೊಟ್ಟ ರಾಗಿ

ಎಪ್ಪತ್ತರ ದಶಕದಲ್ಲಿ ನನಗೆ ಹೆಸರು ತಂದುಕೊಟ್ಟದ್ದು ಒಂದೇ ಒಂದು ಸಂಶೋಧನಾ ಲೇಖನ. ಅದಕ್ಕೆ ಮುಂಚೆ ಬರೆದ ಮೂರ್ನಾಲ್ಕನ್ನು ಅಚ್ಚು ಹಾಕಿದವರಾದರೂ ಓದಿದ್ದರೋ ಇಲ್ಲವೋ. ಅಕ್ಕಿಹೆಬ್ಬಾಳಿನ ನಮ್ಮ ಹೊಲದ ರಾಗಿಯಿಂದ ಪ್ರೋಟೀನು ಬೇರ್ಪಡಿಸಿ ಬಣ್ಣ ಹಾಕಿ ನೋಡಿದಾಗ, ಒಂದು ಪ್ರೋಟೀನಿಗೆ ಒಂದು ಗೆರೆ ಕಾಣಬೇಕಾದ ಕಡೆ ಎರಡು ಗೆರೆ ಕಂಡವು. ಒಂದೇ ತಳಿಯಲ್ಲಿ ಒಂದೇ ಕೆಲಸಕ್ಕೆ ಎರಡು ಜೀನುಗಳಿವೆ ಎಂದು ಧೈರ್ಯವಾಗಿ ಬರೆದುಬಿಟ್ಟೆ.

ಹೊರದೇಶದವರೂ ತಮ್ಮ ಲೇಖನಗಳ ಕೊನೆಯಲ್ಲಿ ನನ್ನದನ್ನು ಉಲ್ಲೇಖಿಸತೊಡಗಿದರು. ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ಪಟ್ಟಿ ಮಾಡುವ ದಪ್ಪ ಪುಸ್ತಕವೊಂದಿತ್ತು. ಅದರ ಹೊಸ ಸಂಪುಟ ಲೈಬ್ರರಿಗೆ ಬಂದ ದಿನ ಊಟ ಬಿಟ್ಟು ಓಡುತ್ತಿದ್ದೆ. ಲೇಖನದ ಪ್ರತಿ ಕೇಳಿ ಬಂದ ಕಾರ್ಡೊಂದನ್ನು ಅಪ್ಪ ಅಂಗಿ ಜೇಬಲ್ಲಿಟ್ಟುಕೊಂಡು ಸಂತೆಬಾಚಹಳ್ಳಿ ಸಂತೆಯಲ್ಲೆಲ್ಲ ತೋರಿಸಿದರು. "ನಮ್ಮೊಲದ್ ರಾಗಿ ಜರ್ಮನಿಗಂಟ ಓಗ್ಯದೆ ಕಣ್ಲಾ" ಎಂದರಂತೆ.

ಒಂದು ಸುಗ್ಗಿಯಲ್ಲಿ, ಮತ್ತಷ್ಟು ರಾಗಿ ತರಲು ಊರಿಗೆ ಹೋದೆ. ಮುಂದಿನ ವಾರ ನಾಗಮಂಗಲದ ಹುಡುಗಿಯೊಬ್ಬಳು ನನ್ನ ಕೈಕೆಳಗೆ ಸಂಶೋಧನೆಗೆ ಸೇರುವವಳಿದ್ದಳು. ಮೇಷ್ಟ್ರ ಮಗಳು, ನನ್ನ ಲೇಖನ ಓದಿಯೇ ಹುಡುಕಿಕೊಂಡು ಬಂದವಳು. ಆ ಎರಡು ಜೀನುಗಳ ಬೆನ್ನುಹತ್ತುವುದೇ ಅವಳ ಪಿಎಚ್‌ಡಿ. ಮೂರು ವರ್ಷ ಬಿಡಿ, ಆಮೇಲೆ ನೀವು ತೋರಿಸಿದವನನ್ನು ಮದುವೆಯಾಗುತ್ತೇನೆ ಎಂದು ಮನೆಯವರನ್ನು ಕಾಡಿ ಬೇಡಿ ಒಪ್ಪಿಸಿದ್ದಳು.

ಅಪ್ಪ ಬೇರೆಯಾಗಿ ಎತ್ತಿಟ್ಟಿದ್ದ ಬಿತ್ತನೆ ಮಡಕೆಯಿಂದ ಅವ್ವ ನನ್ನ ಚೀಲಕ್ಕೆ ರಾಗಿ ಸುರಿದಳು. ಚೀಲ ಅರ್ಧವಾಗುವಷ್ಟರಲ್ಲಿ ಮಡಕೆಯ ತಳ ಕಂಡಿತು. ಅವಳು ಸೀದಾ ಪಕ್ಕದ ಮಡಕೆಗೆ ಕೈ ಹಾಕಿ ಒಂದು ಬೊಗಸೆ ತೆಗೆದಳು.

"ಅದ್ಯಾವ ರಾಗಿ ಅವ್ವಾ?"

"ನಿಮ್ ಸೋದ್ರತ್ತೆ ಏಮಗಿರಿ ಕಡೆಯಿಂದ ಕಳ್ಸಿದ್ದು. ಮದ್ವೆಯಾದ ಮಗ್ಳು ತವ್ರಿಂದ ಅರೆ ಚೀಲ ತಕ್ಕೊಂಡೋದ್ರೆ ನೋಡ್ದೋರು ಏನಂದಾರು? ಓದ್ಸಲಾನೂ ಇಂಗೇ ತುಂಬ್ಸಿ ಕೊಟ್ಟಿದ್ದೆ ಕಣವ್ವ."

ಹೋದ ಸಲದ ಆ ಚೀಲದ ರಾಗಿಯಿಂದಲೇ ನನ್ನ ಲೇಖನ ಹುಟ್ಟಿದ್ದು. ಒಂದು ಕಾಳು ರಾಗಿಯ ಪ್ರೋಟೀನು ನಮ್ಮ ಪರೀಕ್ಷೆಗೆ ಏನೇನೂ ಸಾಲದು. ಹಿಡಿಗಟ್ಟಲೆ ಒಟ್ಟಿಗೆ ಅರೆಯುತ್ತಿದ್ದೆವು. ಎರಡು ರಾಗಿ ಬೆರೆತಿದ್ದರೆ ಎರಡು ಗೆರೆ ಕಾಣದೆ ಇನ್ನೇನು ಕಂಡೀತು? ಅವ್ವನನ್ನು ಬೈಯಲು ಬಾಯಿ ಬರಲಿಲ್ಲ. ತವರಿನ ಚೀಲ ಹೇಗೆ ತುಂಬುತ್ತದೆಂಬುದು ಆ ಮನೆಯಲ್ಲೇ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಆ ಬೊಗಸೆಯನ್ನು ಬೇರೆ ಗಂಟು ಕಟ್ಟಿಸಿಕೊಂಡು ಬಂದೆ. ಎರಡನ್ನೂ ಬೇರೆ ಬೇರೆ ಅರೆದು ನೋಡಿದೆ. ಒಂದೊಂದಕ್ಕೆ ಒಂದೊಂದೇ ಗೆರೆ.

ಹುಡುಗಿ ಮನೆಯಲ್ಲಿ ಮಾಡಿದ ಚಕ್ಕುಲಿ ಡಬ್ಬಿ ಹಿಡಿದು ಬಂದಳು. ನಾನು ಅವಳ ಮೇಜು ತೋರಿಸಿದೆ, ಅಷ್ಟೆ. ಇನ್ನೊಮ್ಮೆ ಪರೀಕ್ಷಿಸಿ ಹೇಳೋಣ ಎಂದುಕೊಂಡೆ. ಆಮೇಲೆ ಬಡ್ತಿಯ ಸಂದರ್ಶನ ಮುಗಿಯಲಿ ಎಂದುಕೊಂಡೆ. ಸಂದರ್ಶನದಲ್ಲಿ ದೊಡ್ಡವರೆಲ್ಲ ನನ್ನ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ನೋಡಿ ಎಂದು ತಮ್ಮತಮ್ಮಲ್ಲೇ ಹೊಗಳಿಕೊಂಡರು. ಬಡ್ತಿ ಸಿಕ್ಕಿತು, ಬಾಯಿ ಇನ್ನಷ್ಟು ಕಟ್ಟಿತು.

ಅವಳಿಗೆ ನಾನು ಅಪ್ಪನ ಮಡಕೆಯ ರಾಗಿಯನ್ನಷ್ಟೇ ಕೊಟ್ಟಿದ್ದೆ. ಬೆರಕೆ ಕೊಡಲು ಮನಸ್ಸು ಒಪ್ಪಲಿಲ್ಲ; ಅಷ್ಟು ಮಾತ್ರದ ಪ್ರಾಮಾಣಿಕತೆ ನನ್ನದು. ವರ್ಷವಿಡೀ ಅವಳಿಗೆ ಒಂದೇ ಗೆರೆ ಬಂತು. "ನನ್ನ ಕೈಯಲ್ಲೇ ಏನೋ ದೋಷ ಇದೆ ಮೇಡಂ" ಎಂದು ಮತ್ತೆ ಅರೆಯುತ್ತಿದ್ದಳು, ಮತ್ತೆ ಸೋಸುತ್ತಿದ್ದಳು. ಅವಳ ಬೆರಳ ತುದಿಯ ಚರ್ಮ ಸುಲಿದಿತ್ತು. ಲೈಬ್ರರಿಯಲ್ಲಿ ನನ್ನ ಹೆಸರಿನ ಕೆಳಗಿನ ಪಟ್ಟಿ ಬೆಳೆಯುತ್ತಲೇ ಇತ್ತು. ಅಲ್ಲಿರುವ ಪ್ರತಿಯೊಬ್ಬರ ಹಿಂದೆಯೂ ಇಂಥ ಒಬ್ಬಳು ಹುಡುಗಿ ಇರಬಹುದೆನ್ನಿಸಿ, ಆ ಕಪಾಟಿನ ಕಡೆ ಹೋಗುವುದನ್ನೇ ಬಿಟ್ಟೆ.

ಒಂದು ಸೋಮವಾರ ಅವಳು ಬರಲಿಲ್ಲ. ಕಾಗದ ಬಂತು: ವಿಜ್ಞಾನ ನನ್ನ ಕೈಗೆ ಹತ್ತುವುದಿಲ್ಲ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಕ್ಷಮಿಸಿ.

ಅವತ್ತೇ ನಾಗಮಂಗಲದ ಬಸ್ಸು ಹತ್ತಿದೆ. ಅವಳಮ್ಮ ಕಾಫಿ ತಂದುಕೊಟ್ಟರು. ಅವಳಪ್ಪ ಮೇಷ್ಟ್ರು ಕೈಮುಗಿದು, "ನಿಮ್ಮಂಥವರ ಹತ್ರ ಕಲಿಯೋಕೂ ಯೋಗ್ಯತೆ ಬೇಕು ತಾಯಿ. ನಮ್ಮ ಹುಡುಗಿಗೆ ಅದು ಇಲ್ಲ" ಎಂದರು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಎಲ್ಲರೆದುರಿಗೇ ಹೇಳಿದೆ: ತಪ್ಪಿದ್ದುದು ನನ್ನ ರಾಗಿಯಲ್ಲಿ, ನಿನ್ನ ಒಂದು ಗೆರೆಯೇ ಸರಿ, ಲೇಖನ ತಪ್ಪೆಂದು ನಾನೇ ಬರೆದು ಕಳಿಸುತ್ತೇನೆ.

ಅವಳ ಮುಖ ಅರಳಿತು. "ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ ಮೇಡಂ?"

"ಸರಿಯಾಗೇ ಇತ್ತಮ್ಮ."

ಅವಳು ಅಪ್ಪನ ಕಡೆ ತಿರುಗಿ ನಕ್ಕಳು. ಆಮೇಲೆ ಏನೋ ಹೊಳೆದವಳ ಹಾಗೆ ನನ್ನನ್ನೇ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ನೀನು ಸೇರೋಕೆ ಒಂದು ವಾರ ಮುಂಚೆ."

ನಾನು ಅರ್ಧ ಕುಡಿದಿಟ್ಟಿದ್ದ ಕಾಫಿ ಲೋಟವನ್ನು ಅವಳು ತೆಗೆದುಕೊಂಡು ಒಳಗೆ ಹೋದಳು. ಎಷ್ಟು ಹೊತ್ತು ಕೂತರೂ ಹೊರಗೆ ಬರಲಿಲ್ಲ. ಕೊನೆಗೆ ಮೇಷ್ಟ್ರು ಎದ್ದು ನಿಂತು, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಿದರು.